ಮುಚ್ಚಿದ ಕಿಂಡಿ

ಕಂಡಕ್ಟರ್ ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಒರಗಿದ್ದಾಗಲೇ ಮಳೆ ಶುರುವಾಯಿತು. ಬಸ್ಸಿನಲ್ಲಿ ಇಡೀ ದಿನ ಬಾಯಿ ಮುಚ್ಚದ ಮನುಷ್ಯ ಅವನು. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದ ಮೇಲೆ ಮಾತೇ ನಿಂತುಹೋಗಿದ್ದು ಅವನಿಗೆ ದೊಡ್ಡ ಅನ್ಯಾಯವಾಗಿ ಕಂಡಿರಬೇಕು, ಕಣ್ಣಿನಲ್ಲೇ ಏನೇನೋ ಹೇಳಲು ನೋಡುತ್ತಿದ್ದ. ಅವಳು ಪಕ್ಕದಲ್ಲಿ ನಿಂತು ಎಂಜಲು ಹೀರುವ ಕೊಳವೆ ಹಿಡಿದಿದ್ದಳು. ಅದು ಅವಳ ಕೆಲಸ. ಕೊಳವೆ ಹಿಡಿಯುವುದು, ಡಾಕ್ಟರು ಕೈ ಚಾಚಿದಾಗ ಸರಿಯಾದ ಉಪಕರಣ ಇಡುವುದು, ಹಲ್ಲಿನ ತೂತು ತುಂಬುವ ಬಿಳಿ ಗಾರೆಯನ್ನು ಗಾಜಿನ ಬಿಲ್ಲೆಯ ಮೇಲೆ ಕಲಸುವುದು. ಕಲಸಿದ್ದನ್ನು ತುಂಬುವವರು ಡಾಕ್ಟರು. ಆದರೆ ಒತ್ತಿ, ನಯ ಮಾಡಿ, ಅಂಚು ತೀಡುವುದನ್ನು ಈಚೆಗೆ ಅವಳಿಗೇ ಬಿಟ್ಟಿದ್ದರು. ಅವಳ ಕೈ ಅಂಥದ್ದು. ಎಲ್ಲಿ ಸಂದು ಕಂಡರೂ ಸುಮ್ಮನಿರುತ್ತಿರಲಿಲ್ಲ. ಬಾಡಿಗೆ ಮನೆಗೆ ಬಂದ ಹೊಸತರಲ್ಲೇ ಬಚ್ಚಲಿನ ಬಿರುಕು, ಕಿಟಕಿ ಚೌಕಟ್ಟಿನ ಸೀಳು ಎಲ್ಲ ತುಂಬಿ ಮುಗಿಸಿದ್ದಳು. "ನಾನು ಬಾಯಿ ಬಿಟ್ಕೊಂಡು ಮಲಗಿದ್ರೆ ಅದನ್ನೂ ತುಂಬಿಬಿಡ್ತೀಯ ನೀನು," ಎಂದು ಚಿಕ್ಕಮ್ಮ ಅಂದಿದ್ದಳು.

ಮಳೆಯ ಎರಚಲು ಒಳಗೆ ಬಂತು. ಡಾಕ್ಟರು ಕಿಟಕಿ ಮುಚ್ಚಲು ಎದ್ದರು. ಸಿಕ್ಕಿದ ಬಿಡುವನ್ನು ಕಂಡಕ್ಟರ್ ವ್ಯರ್ಥ ಮಾಡಲಿಲ್ಲ. ಬಾಯಿ ಮುಕ್ಕಳಿಸಿ ಉಗಿದು, ಮರಗಟ್ಟಿದ ಅರ್ಧ ತುಟಿಯನ್ನು ಬಿಟ್ಟು ಉಳಿದರ್ಧದಲ್ಲಿ ಮಾತಾಡಿದ.

"ಬರಲಿ ಬಿಡಿ, ಚೆನ್ನಾಗೇ ಬರಲಿ. ಜೌಗಿನ ಕಟ್ಟೆಗೆ ಮೇಷ್ಟ್ರು ಕಿಂಡಿ ಇಟ್ಟಿದಾರಲ್ಲ. ಅದಿಲ್ದಿದ್ರೆ ಇವತ್ತು ನಮ್ಮ ದರ್ಜಿ ಈಜಾಡ್ಕೊಂಡು ಬಟ್ಟೆ ಹೊಲೀಬೇಕಾಗಿತ್ತು."

"ಯಾವ ಕಿಂಡಿ?" ಎಂದು ಅವಳು ಕೇಳಿದಳು. ಯಾವ ಕಿಂಡಿ ಎಂದು ಅವಳಿಗೆ ಗೊತ್ತಿತ್ತು.

"ಮೇಲಿನ ಹಲಗೆ ನಡುವೆ ಇಲ್ವಾ, ಹಲ್ಲು ಬಿದ್ದಂಗೆ ಒಂದು ಜಾಗ? ಕಟ್ಟೆ ಹಿಂದೆ ನೀರು ಜಾಸ್ತಿ ಆದ್ರೆ ಅದರಲ್ಲಿ ದಾಟಿ ಕಾಲುವೆಗೆ ಬಿದ್ದು ನದಿಗೆ ಹೋಗತ್ತೆ. ಅದು ಮುಚ್ಚಿದ್ರೆ ನೀರಿಗೆ ಇನ್ನೆಲ್ಲಿ ದಾರಿ? ಪಕ್ಕದ ದಿಬ್ಬ ಹತ್ತಿ ಕೆಳಗಿನ ಓಣಿಗೇ ಇಳೀಬೇಕು. ಅಲ್ಲಿ ಮೊದಲನೇ ಮನೆ ಯಾರದು ಹೇಳಿ? ದರ್ಜಿದು. ಅದೂ ನೆಲಮಾಳಿಗೆ." ಕಂಡಕ್ಟರ್ ನಗಲು ಹೋದ, ನಗು ಒಂದೇ ಕಡೆ ಬಂತು. "ಯಾಕೆ ಹೊಸಬ್ರೇ, ಮುಖ ಹಿಂಗಾಯ್ತು? ಚುಚ್ಚಿಸ್ಕೊಂಡೋನು ನಾನು."

ಗಾಜಿನ ಬಿಲ್ಲೆಯ ಮೇಲೆ ಅವಳು ಕಲಸುತ್ತಿದ್ದ ಗಾರೆ ಕಲ್ಲಾಗಿಹೋಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಹಾಗೆ ಎಂದೂ ಆಗಿರಲಿಲ್ಲ.

ಆ ಜಾಗ ಈಗ ಹಲ್ಲು ಬಿದ್ದ ಹಾಗಿರಲಿಲ್ಲ. ಹಿಂದಿನ ಭಾನುವಾರ ಅವಳೇ ಅದನ್ನು ತುಂಬಿದ್ದಳು.

ಜೌಗಿನ ವಿಷಯ ಇಲ್ಲಿ ಹೇಳಿಬಿಡಬೇಕು. ಬಸ್ ಡಿಪೋ ಹಿಂದೆ, ಊರಿನ ಅಂಚಿನಲ್ಲಿ, ಹಿಂದೊಮ್ಮೆ ವರ್ಷವಿಡೀ ನೀರು ನಿಲ್ಲುತ್ತಿದ್ದ ತಗ್ಗು ಅದು. ಯಾರೋ ಬುದ್ಧಿವಂತರು ಕಾಲುವೆ ತೋಡಿ ನೀರನ್ನೆಲ್ಲ ನದಿಗೆ ಸಾಗಿಸಿದರು. ಒಣಗಿದ ನೆಲವನ್ನು ಏನು ಮಾಡಬೇಕೆಂದು ಆಮೇಲೆ ಯಾರಿಗೂ ಹೊಳೆಯಲಿಲ್ಲ, ಹಾಗಾಗಿ ಕಸ ಹಾಕಿದರು. ಬೇಸಿಗೆಯಲ್ಲಿ ಕಸ ಹೊತ್ತಿಕೊಂಡು ಇಡೀ ಬಡಾವಣೆ ಕೆಮ್ಮುತ್ತಿತ್ತು. ಚಿತ್ರಕಲೆ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿಗೆ, ಮಕ್ಕಳಿಂದ ಬಾತುಕೋಳಿ ಬರೆಸಿ ಬರೆಸಿ ಸಾಕಾಗಿ, ಸಾಯುವುದರೊಳಗೆ ನಿಜವಾದ ಒಂದು ಬಾತುಕೋಳಿ ಇಲ್ಲಿ ಇಳಿಯುವುದನ್ನು ನೋಡಬೇಕು ಅನ್ನಿಸಿತಂತೆ. ಒಂದು ಭಾನುವಾರ ಗುದ್ದಲಿ ಹಿಡಿದು ಹೊರಟರು. ತಲೆಕೆಟ್ಟಿದೆ ಎಂದು ನೋಡಲು ಬಂದವರು ಕೈಜೋಡಿಸಿದರು. ಕಸ ಎತ್ತಿದರು, ಕಾಲುವೆಗೆ ಅಡ್ಡಲಾಗಿ ಹಲಗೆ ಮತ್ತು ಜೇಡಿಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು, ಜೊಂಡು ನೆಟ್ಟರು. ಬಾತುಕೋಳಿ ಇನ್ನೂ ಬಂದಿರಲಿಲ್ಲ. ಕಪ್ಪೆ ಬಂದಿದ್ದವು, ಅವುಗಳ ಗಲಾಟೆಗೆ ಡಿಪೋದ ಕಾವಲುಗಾರ ದೂರು ಕೊಟ್ಟಿದ್ದ. ಮೇಷ್ಟ್ರು ಅದನ್ನು ಪ್ರಶಸ್ತಿ ಬಂದಷ್ಟು ಸಂತೋಷದಿಂದ ಎಲ್ಲರಿಗೂ ಹೇಳಿಕೊಂಡು ಓಡಾಡಿದರು.

ಅವಳು ಈ ಊರಿಗೆ ಬಂದದ್ದು ಹಳೆಯ ಊರಿನ ದವಾಖಾನೆ ಮುಚ್ಚಿದ ಮೇಲೆ, ತನ್ನನ್ನು ಸಾಕಿದ ಚಿಕ್ಕಮ್ಮನನ್ನು ಕಟ್ಟಿಕೊಂಡು. ಮೊದಲ ಕೆಲವು ತಿಂಗಳು ಅವಳನ್ನು ಮಾತಾಡಿಸುತ್ತಿದ್ದವರೆಲ್ಲ ಬಾಯಲ್ಲಿ ಹತ್ತಿ ಇಟ್ಟುಕೊಂಡವರೇ. ದಿನಾ ಸಂಜೆ ಡಿಪೋ ನಿಲ್ದಾಣದಲ್ಲಿ ಇಳಿಯುವವಳನ್ನು ಒಂದು ದಿನ ಕಂಡಕ್ಟರ್ ತಡೆದು ಕೇಳಿದ್ದ.

"ಭಾನುವಾರ ಏನ್ ಮಾಡ್ತೀರಿ?"

"ಬಟ್ಟೆ ಒಗೀತೀನಿ."

"ಒಗೆಯೋಕೆ ಮೊದಲು ಕೊಳೆ ಆಗ್ಬೇಕಲ್ಲ. ಜೌಗಿಗೆ ಬನ್ನಿ, ಧಾರಾಳವಾಗಿ ಸಿಗತ್ತೆ."

ಹೋದಳು. ಮಂಡಿಯವರೆಗೆ ಕೆಸರಿನಲ್ಲಿ ನಿಂತು ಹಳೆಯ ಟೈರು ಎಳೆದಳು. ಸಂಜೆ ಮನೆಗೆ ಬಂದಾಗ ಚಿಕ್ಕಮ್ಮ ಮೂಗು ಮುಚ್ಚಿಕೊಂಡು ಬಾಗಿಲು ತೆಗೆದಳು, ಆದರೆ "ಯಾರ್ಯಾರು ಬಂದಿದ್ರು? ಏನೇನ್ ಮಾತಾಡಿದ್ರು?" ಎಂದು ಒಂದೊಂದನ್ನೂ ಕೆದಕಿ ಕೇಳಿದಳು. ಆಮೇಲೆ ಪ್ರತಿ ಭಾನುವಾರವೂ ಆ ವರದಿ ಒಪ್ಪಿಸದೆ ಊಟ ಸಿಗುತ್ತಿರಲಿಲ್ಲ.

ಜೌಗಿನಲ್ಲಿ ಅವಳಿಗೆ ಹಿಡಿಸಿದ್ದು ಅಲ್ಲಿನ ಹೆಸರುಗಳು. ಬೋಳಾಗಿ ಬಿದ್ದಿದ್ದ ಒಂದು ಹರವಿಗೆ 'ಮೇಷ್ಟ್ರ ಬಯಲು' ಎನ್ನುತ್ತಿದ್ದರು. ಜೌಗಿನೊಳಗೆ ಅವರೇ ತೋಡಿದ್ದ ಸಣ್ಣ ಕಾಲುವೆ ಡೊಂಕಾಗಿ ಹೊರಳುವಲ್ಲಿ 'ಕಂಡಕ್ಟರ್ ತಿರುವು'. ದಂಡೆಯ ಬುಡದಲ್ಲಿ ಬಿದ್ದಿದ್ದ ದೊಡ್ಡ ಬಂಡೆ 'ಅತ್ತಿಗೆ ಕಲ್ಲು'. ಅತ್ತಿಗೆ ಎಂದರೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಇಟ್ಟಿದ್ದ ಗಟ್ಟಿ ದನಿಯ ಹೆಂಗಸು, ಯಾರಿಗೆ ಅತ್ತಿಗೆ ಎಂಬುದು ಯಾರಿಗೂ ತಿಳಿಯದು, ಎಲ್ಲರೂ ಹಾಗೇ ಕರೆಯುತ್ತಿದ್ದರು. "ಇವತ್ತು ತಿರುವಿನಿಂದ ಶುರು ಮಾಡೋಣ," "ನಿನ್ನ ಕೊಡೆ ಅತ್ತಿಗೆ ಕಲ್ಲಿನ ಮೇಲಿದೆ," ಎಂದು ಮನೆಯ ಕೋಣೆಗಳ ಹೆಸರು ಹೇಳಿದ ಹಾಗೆ ಹೇಳುತ್ತಿದ್ದರು. ಊರಿನ ರಸ್ತೆಗಳಿಗೆ ದೊಡ್ಡವರ ಹೆಸರಿಡುವಂತೆ ಇದೂ ಒಂದು ಸನ್ಮಾನ ಎಂದು ಅವಳು ತಿಳಿದಳು. ರಸ್ತೆಗೆ ಹೆಸರು ಯಾಕೆ ಬಂತೆಂದು ಯಾರು ಕೇಳುತ್ತಾರೆ? ಅವಳೂ ಕೇಳಲಿಲ್ಲ. ಎಲ್ಲರೂ ಅವಳನ್ನು 'ಹೊಸಬ್ರೇ' ಎನ್ನುತ್ತಿದ್ದರು, ಬಹುವಚನ ಕೊಟ್ಟು, ಟೀ ಮೊದಲು ಅವಳಿಗೇ ಕೊಟ್ಟು. ಮಿಕ್ಕವರು ಒಬ್ಬರ ಲೋಟ ಇನ್ನೊಬ್ಬರು ಕಸಿದುಕೊಂಡು ಕುಡಿಯುವಾಗ ಅವಳ ಕೈಗೆ ಮಾತ್ರ ತೊಳೆದ ಲೋಟ ಬರುತ್ತಿತ್ತು. ಆ ತೊಳೆದ ಲೋಟದ ಟೀ ಅವಳಿಗೆ ರುಚಿಸುತ್ತಿರಲಿಲ್ಲ. ಒಂದು ಗಿಡಕ್ಕೋ, ಹೊಂಡಕ್ಕೋ ತನ್ನ ಹೆಸರೂ ಬಿದ್ದರೆ ಸಾಕು ಎಂದು ಆಸೆಪಟ್ಟಳು.

ಹಿಂದಿನ ಭಾನುವಾರ ಕಟ್ಟೆಗೆ ಕೊನೆಯ ಹಲಗೆ ಕೂರಿಸಿ ಎಲ್ಲರೂ ಟೀಗೆ ಸಾಮಾನಿನ ಕೊಟ್ಟಿಗೆಯತ್ತ ಹೋದಾಗ, ಚಪ್ಪಲಿ ಹುಡುಕುತ್ತ ಹಿಂದೆ ಉಳಿದ ಅವಳ ಕಣ್ಣಿಗೆ ಮೇಲಿನ ಹಲಗೆಯ ನಡುವೆ ಎರಡು ಗೇಣಗಲದ ಖಾಲಿ ಜಾಗ ಬಿತ್ತು. ಅಷ್ಟು ಚೆಂದದ ಕೆಲಸದಲ್ಲಿ ಒಂದು ಸಂದು. ಯಾರೋ ತುಂಬಲು ಮರೆತಿದ್ದಾರೆ. ತಾನು ತುಂಬಿದರೆ ಮುಂದಿನ ವಾರ ಯಾರಾದರೂ ನೋಡಿ, "ಇದ್ಯಾರು ಮಾಡಿದ್ದು?" ಎಂದು ಕೇಳುತ್ತಾರೆ. ಜೇಡಿಮಣ್ಣನ್ನು ಪದರ ಪದರವಾಗಿ ಇಟ್ಟು, ಹೆಬ್ಬೆರಳಿನಿಂದ ಒತ್ತಿ, ಪ್ರತಿ ಪದರದ ನಡುವೆ ನಾರುಹುಲ್ಲು ಸೇರಿಸಿ, ಮೇಲೆ ಟೀ ಚಮಚದ ಬೆನ್ನಿನಿಂದ ನುಣುಪು ಮಾಡಿದ್ದಳು. ಹಲ್ಲು ತುಂಬುವುದು ಹೀಗೆಯೇ. ಗಾಳಿಯ ಒಂದು ಗುಳ್ಳೆ ಒಳಗೆ ಉಳಿದರೂ ಕೆಲಸ ಕೆಟ್ಟ ಹಾಗೆ.

ಈಗ ಕಂಡಕ್ಟರ್ ಎದುರಿಗೇ ಇದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳ ನಾಲಿಗೆಗೆ ಯಾರೂ ಚುಚ್ಚಿರಲಿಲ್ಲ, ಆದರೂ ಅದು ಏಳಲಿಲ್ಲ. ಹೇಳಿದರೆ ಭಾನುವಾರ ಹೋಗುತ್ತದೆ. ಭಾನುವಾರ ಹೋದರೆ ಈ ಊರಿನಲ್ಲಿ ಉಳಿಯುವುದು ಹತ್ತಿ ಕಚ್ಚಿದ ಬಾಯಿಗಳು ಮಾತ್ರ. ನೀರು ಏರುವುದರೊಳಗೆ ತಾನೇ ಹೋಗಿ ತೆಗೆದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

"ಚಿಕ್ಕಮ್ಮನಿಗೆ ಹುಷಾರಿಲ್ಲ," ಎಂದು ಡಾಕ್ಟರಿಗೆ ಸುಳ್ಳು ಹೇಳಿ ಹೊರಟಳು.

ಮನೆಯಲ್ಲಿ ಗುದ್ದಲಿ ಇರಲಿಲ್ಲ. ಜೌಗಿನ ಕೊಟ್ಟಿಗೆಯ ಬೀಗದ ಕೈ ಮೇಷ್ಟ್ರ ಹತ್ತಿರ. ಅಡುಗೆಮನೆಯಲ್ಲಿ ತಡಕಾಡಿ ಒಂದು ಸ್ಕ್ರೂಡ್ರೈವರ್, ಒಂದು ಕಬ್ಬಿಣದ ಸೌಟು, ಕಸ ಎತ್ತುವ ತಗಡಿನ ಮೊರ ಎತ್ತಿಕೊಂಡಳು. ಹುಷಾರಾಗಿದ್ದ ಚಿಕ್ಕಮ್ಮ ರೇಡಿಯೋದ ಪಕ್ಕದಿಂದ ಕತ್ತೆತ್ತಿ ನೋಡಿದಳು.

"ಮಳೇಲಿ ಕಸ ಗುಡಿಸೋಕೆ ಹೊರಟ್ಯಾ?"

"ಬಂದೆ, ಸ್ವಲ್ಪ ಕೆಲಸ."

"ಸೌಟು ಯಾಕೆ?"

ಅವಳು ಚಪ್ಪಲಿ ಮೆಟ್ಟತೊಡಗಿದಳು. ಅವಸರಕ್ಕೆ ಸೌಟು ಮೊರಕ್ಕೆ ಬಡಿದು ಟಿಣಟಿಣ ಸದ್ದಾಗುತ್ತಿತ್ತು. ಚಿಕ್ಕಮ್ಮ ರೇಡಿಯೋ ಆರಿಸಿದಳು. ರೇಡಿಯೋ ಆರಿಸುವುದೆಂದರೆ ಆ ಮನೆಯಲ್ಲಿ ಸಣ್ಣ ವಿಷಯವಲ್ಲ.

"ಏನ್ ಮಾಡ್ಕೊಂಡೆ?"

"ಏನಿಲ್ಲ ಚಿಕ್ಕಮ್ಮ."

"ಏನಿಲ್ಲದ್ದಕ್ಕೆ ಇಷ್ಟು ಬೆವರಲ್ಲ ಯಾರೂ. ಫೋನ್ ತಗೊಂಡು ಹೋಗು."

ಡಿಪೋದ ಗೋಡೆ ದಾಟುವಷ್ಟರಲ್ಲಿ ಮಳೆಯ ಸದ್ದಿನಲ್ಲಿ ತನ್ನ ಹೆಜ್ಜೆಯೇ ಅವಳಿಗೆ ಕೇಳಿಸುತ್ತಿರಲಿಲ್ಲ. ಕಪ್ಪೆಗಳೂ ಸುಮ್ಮನಾಗಿದ್ದವು, ಅದೇ ಹೆಚ್ಚು ಹೆದರಿಸಿತು. ಜೊಂಡಿನ ತುದಿಗಳಷ್ಟೇ ನೀರಿನ ಮೇಲಿದ್ದವು. ಮೇಷ್ಟ್ರ ಬಯಲು ಇರಲಿಲ್ಲ, ಅತ್ತಿಗೆ ಕಲ್ಲು ಇರಲಿಲ್ಲ, ಎಲ್ಲ ಒಂದೇ ಬೂದು ಬಣ್ಣದ ಹಾಳೆಯಾಗಿತ್ತು. ಆ ಹಾಳೆ ಕಟ್ಟೆಯ ತಲೆಯವರೆಗೆ ಬಂದು ನಿಂತಿತ್ತು. ಕಟ್ಟೆಯ ಆಚೆ ಕಾಲುವೆಯಲ್ಲಿ ಕೆಸರೇ ಹೊರತು ನೀರಿಲ್ಲ. ಒಂದು ಹನಿಯೂ ಸೋರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ತುಂಬಿದ್ದಳು.

ಮೊಣಕಾಲೂರಿ, ಕಟ್ಟೆಯ ಮೇಲೆ ತೆವಳಿಕೊಂಡು ನಡುಭಾಗಕ್ಕೆ ಹೋದಳು. ಕೆಳಗಿನ ಹಲಗೆಗಳು ನೀರಿನ ಒತ್ತಡಕ್ಕೆ ಸಣ್ಣಗೆ ಅದುರುತ್ತಿದ್ದವು, ಆ ಅದುರು ಮೊಣಕಾಲಿನಿಂದ ಹಲ್ಲಿನವರೆಗೆ ಹತ್ತಿತು. ಅವಳಿಗೆ ಈಜು ಬರುತ್ತಿರಲಿಲ್ಲ. ಸ್ಕ್ರೂಡ್ರೈವರಿನಿಂದ ಚುಚ್ಚಿದಳು. ನಾರುಹುಲ್ಲು ಹಿಡಿದುಕೊಂಡಿತು. ಸೌಟಿನಿಂದ ಕೆರೆದಳು. ಮಣ್ಣು ಎಳೆ ಎಳೆಯಾಗಿ ಬಂತು, ಕೆಟ್ಟ ಹಲ್ಲಿನಿಂದ ಹಳೆಯ ಗಾರೆ ಕೆರೆದಂತೆ, ಸಾಸಿವೆಯಷ್ಟು, ಮತ್ತೆ ಸಾಸಿವೆಯಷ್ಟು. ಮೊರ ಕೈಜಾರಿ ನೀರಿಗೆ ಬಿತ್ತು. ಅದು ಮುಳುಗಲಿಲ್ಲ. ತಿರುಗುತ್ತ ಪಕ್ಕದ ದಿಬ್ಬದ ಕಡೆ ತೇಲಿತು, ಅಲ್ಲಿ ಸ್ವಲ್ಪ ತಡೆಯಿತು, ಆಮೇಲೆ ದಿಬ್ಬವನ್ನು ದಾಟಿ ಆಚೆ ಇಳಿದು ಕಾಣೆಯಾಯಿತು.

ಅಂದರೆ ನೀರು ಆಗಲೇ ದಾಟುತ್ತಿತ್ತು. ತೆಳ್ಳಗೆ, ಸದ್ದಿಲ್ಲದೆ, ಹುಲ್ಲನ್ನು ಬಾಚಿದಂತೆ ಮಲಗಿಸಿಕೊಂಡು, ಕೆಳಗಿನ ಓಣಿಯ ಕಡೆಗೆ.

ಅಲ್ಲಿ ಮಂಡಿಯೂರಿ ಕೂತಿದ್ದವಳಿಗೆ ಒಂದು ಹೊಲಸು ಯೋಚನೆ ಬಂತು. ಹೀಗೇ ಕೆರೆಯುತ್ತಿರೋಣ. ಯಾರಾದರೂ ಓಡಿ ಬಂದಾಗ, ಮಳೆಯಲ್ಲಿ ಒಬ್ಬಳೇ ಕಟ್ಟೆಯ ಮೇಲೆ ಜೀವ ಕೈಯಲ್ಲಿ ಹಿಡಿದು ಹೋರಾಡುತ್ತಿರುವ ಹೆಂಗಸು ಕಾಣುತ್ತಾಳೆ. ಮುಚ್ಚಿದ್ದು ಯಾರು ಎಂದು ಆಗ ಯಾರು ಕೇಳುತ್ತಾರೆ? ಹೆಸರಿಟ್ಟರೂ ಇಟ್ಟಾರು. ಆ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅದಕ್ಕೇ ಅವಳು ಹೆದರಿಬಿಟ್ಟಳು, ನೀರಿಗಿಂತ ಹೆಚ್ಚಾಗಿ. ಸೌಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಜೇಬಿನಿಂದ ಫೋನ್ ತೆಗೆದಳು.

ಕಂಡಕ್ಟರ್ ಎತ್ತಿದ. "ಹಹೋ," ಎಂದ. ತುಟಿಗೆ ಇನ್ನೂ ಜೀವ ಬಂದಿರಲಿಲ್ಲ. ಅವಳು ಮಾತಾಡಲು ಹೋದಳು, ಬಾಯಲ್ಲಿ ಸೌಟು ಇತ್ತು. ತೆಗೆದಳು.

"ಕಿಂಡಿ ಮುಚ್ಚಿದೆ. ನೀರು ಓಣಿಗೆ ಹೋಗ್ತಾ ಇದೆ. ಗುದ್ದಲಿ ತನ್ನಿ."

"ಹ್ಯಾಗೆ ಮುಚ್ಚತ್ತೆ? ಕಸ ಸಿಕ್ಕೊಂಡಿದ್ಯಾ?"

ಕಸ ಎನ್ನಬಹುದಿತ್ತು. ಹೌದು ಎಂಬ ಒಂದೇ ಮಾತು ಸಾಕಿತ್ತು.

"ನಾನು ಮುಚ್ಚಿದೆ," ಎಂದಳು. "ಭಾನುವಾರ. ಮಣ್ಣು ಹಾಕಿ."

ಕಂಡಕ್ಟರ್ ಮಾತಿಲ್ಲದೆ ನಿಂತ ಇನ್ನೊಂದು ಸಂದರ್ಭ ಅವನ ಮನೆಯವರಿಗೂ ನೆನಪಿರಲಾರದು. ಫೋನ್ ಕಟ್ಟಾಯಿತು.

ಮೊದಲು ಬಂದವರು ಮೇಷ್ಟ್ರು, ಪೈಜಾಮ ಮಡಚಿಕೊಂಡು, ಕೊಟ್ಟಿಗೆಯ ಬೀಗದ ಕೈ ಹಲ್ಲಲ್ಲಿ ಕಚ್ಚಿಕೊಂಡು. ಹಿಂದೆ ಅತ್ತಿಗೆ, ಅವಳ ಹಿಂದೆ ಗುದ್ದಲಿಗಳನ್ನು ಅಪ್ಪಿಕೊಂಡ ಕಂಡಕ್ಟರ್. ಅತ್ತಿಗೆ ಅವಳ ರಟ್ಟೆ ಹಿಡಿದು, ಒದ್ದೆ ಬಟ್ಟೆ ಹಗ್ಗದಿಂದ ಎಳೆದಂತೆ, ಕಟ್ಟೆಯ ಮೇಲಿಂದ ದಂಡೆಗೆ ಎಳೆದಳು. "ಇಲ್ಲೇ ನಿಂತ್ಕೊ. ಅಲ್ಲಾಡ್ಬೇಡ. ನೀನೂ ಬಿದ್ರೆ ಯಾವುದನ್ನ ಮೊದಲು ಎತ್ತೋದು?"

ಮೇಷ್ಟ್ರು ಗುದ್ದಲಿ ಹಾಕಿದರು. ಅದು ನಾಟದೆ ಹಿಂದಕ್ಕೆ ಚಿಮ್ಮಿತು. "ಇದೇನಮ್ಮ ಇದು," ಎಂದರು. ಬೈಗುಳಕ್ಕಿಂತ ಅದರಲ್ಲಿ ಬೆರಗೇ ಹೆಚ್ಚಿತ್ತು.

ಅಷ್ಟರಲ್ಲಿ ಓಣಿಯ ಕಡೆಯಿಂದ ದರ್ಜಿ ದಿಬ್ಬ ಹತ್ತಿ ಬಂದ. ಸಣಕಲ ಮನುಷ್ಯ, ಮಾತು ಕಡಿಮೆ. ಅಳತೆಯ ಟೇಪು ಯಾವಾಗಲೂ ಕೊರಳಲ್ಲೇ, ಜೌಗಿನ ಕೆಸರಿನಲ್ಲೂ. ಈಗಲೂ ಇತ್ತು, ಒದ್ದೆಯಾಗಿ ಅಂಟಿಕೊಂಡು. ಪ್ಯಾಂಟು ಮಂಡಿಯವರೆಗೆ ನೆನೆದಿತ್ತು. ಅವನ ಕೈಯಲ್ಲಿ ಅವಳ ಮನೆಯ ತಗಡಿನ ಮೊರ ಇತ್ತು.

"ನನ್ನ ಮೆಟ್ಟಿಲ ಮೇಲೆ ಬಂತು," ಎಂದ. ಕಟ್ಟೆ ನೋಡಿದ. "ಕಿಂಡಿ ಯಾರು ಮುಚ್ಚಿದ್ದು?"

ಕಂಡಕ್ಟರ್, "ಅದೆಲ್ಲ ಆಮೇಲೆ ನೋಡೋಣ, ಮೊದಲು—" ಎಂದು ಶುರು ಮಾಡಿದ.

"ನಾನು," ಎಂದಳು ಅವಳು.

ದರ್ಜಿ ಅವಳ ಕಡೆ ನೋಡಿದ. ತಪ್ಪಾಗಿ ಕತ್ತರಿಸಿದ ಬಟ್ಟೆಯನ್ನು ನೋಡುವ ನೋಟ ಅದು, ಎಷ್ಟು ಹೋಯಿತು, ಎಷ್ಟು ಉಳಿದೀತು ಎಂದು. ಮೊರವನ್ನು ಅವಳ ಕೈಗೆ ಕೊಟ್ಟು, ಮೇಷ್ಟ್ರಿಂದ ಗುದ್ದಲಿ ತೆಗೆದುಕೊಂಡು ಕಟ್ಟೆ ಹತ್ತಿದ. ಹೊಡೆದ, ಮತ್ತೆ ಹೊಡೆದ, ಅವನೂ ಕಂಡಕ್ಟರೂ ಸರದಿಯ ಮೇಲೆ ಹೊಡೆದರು. ಒಂದು ಮೂಲೆ ಬಿರಿಯಿತು. ಮಿಕ್ಕದ್ದನ್ನು ನೀರೇ ಕಿತ್ತುಕೊಂಡು ಆಚೆ ಕಾಲುವೆಗೆ ಧುಮುಕಿತು. ಹಲಗೆಗಳ ಅದುರು ನಿಂತಿತು.

ದರ್ಜಿಯ ನೆಲಮಾಳಿಗೆ ಒಂದೇ ಕೋಣೆ. ಅಂಗಡಿಯೂ ಅದೇ, ಮನೆಯೂ ಅದೇ. ಕಿಟಕಿಯಿಂದ ಓಣಿಯಲ್ಲಿ ಓಡಾಡುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ನೀರು ಪಾದ ಮುಳುಗುವಷ್ಟಿತ್ತು. ಹೊಲಿಗೆ ಯಂತ್ರವನ್ನು ಅವನು ಮೇಜಿನ ಮೇಲೆ ಎತ್ತಿಟ್ಟಿದ್ದ, ಮಂಚದ ಮೇಲೆ ಹೆಂಡತಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಗೋಡೆಯ ಬದಿ ನೆಲದ ಮೇಲೆ ಜೋಡಿಸಿದ್ದ ನೀಲಿ ಬಟ್ಟೆಯ ಸುರುಳಿಗಳನ್ನು ಎತ್ತಲು ಸಮಯ ಸಿಕ್ಕಿರಲಿಲ್ಲ. ಶಾಲೆಯ ಸಮವಸ್ತ್ರದ ಬಟ್ಟೆ. ಕೆಸರು ನೀರು ಕುಡಿದು ಕೆಳಗಿನವು ಕಂದು ಬಣ್ಣಕ್ಕೆ ತಿರುಗಿದ್ದವು.

ಎಲ್ಲರೂ ಸೇರಿ ಬಕೆಟ್ಟಿನಿಂದ ನೀರು ಎತ್ತಿ ಹಾಕಿದರು. ಅವಳು ಒಂದು ಸುರುಳಿಯ ತುದಿ ಹಿಡಿದು ಹಿಂಡತೊಡಗಿದಳು. ದರ್ಜಿ ಬಂದು ಅವಳ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡ. ಕಸಿದುಕೊಳ್ಳಲಿಲ್ಲ, ಬೈಯಲಿಲ್ಲ. ಬಿಡಿಸಿಕೊಂಡು ಬೇರೆ ಕಡೆ ಇಟ್ಟ, ಅಷ್ಟೆ. ಮಂಚದ ಮೇಲಿನ ಮಗು ಅವಳನ್ನೇ ನೋಡುತ್ತಿತ್ತು.

ಮನೆಗೆ ಬಂದಾಗ ಚಿಕ್ಕಮ್ಮ ಬಿಸಿನೀರು ಕಾಯಿಸಿಟ್ಟಿದ್ದಳು. ಎಲ್ಲ ಕೇಳಿದಳು. ಕೊನೆಗೆ, "ಬೈದ್ರಾ?" ಎಂದಳು.

"ಇಲ್ಲ."

"ಯಾರೂ?"

"ಅತ್ತಿಗೆ ಅಲ್ಲಾಡ್ಬೇಡ ಅಂದ್ರು. ನಾನೇ ಮುಚ್ಚಿದ್ದು ಅಂದ ಮೇಲೆ ದರ್ಜಿ ಒಂದು ಮಾತೂ ಆಡ್ಲಿಲ್ಲ."

ಚಿಕ್ಕಮ್ಮ ಬಿಸಿನೀರನ್ನು ಬಕೆಟ್ಟಿಗೆ ಸುರಿದಳು. "ಹಾಗಾದ್ರೆ ಕಷ್ಟವೇ," ಎಂದಳು. "ಬೈದಿದ್ರೆ ನಿಶ್ಚಿಂತೆ. ನಿಮ್ಮ ಚಿಕ್ಕಪ್ಪ ಬೈಯೋದು ನಿಲ್ಲಿಸಿದ ವರ್ಷವೇ ಮನೆ ಬಿಟ್ಟು ಹೋದದ್ದು."

ಮಿಕ್ಕ ದಿನಗಳು ಹೇಗೆ ಕಳೆದವು ಎಂದು ಅವಳಿಗೆ ತಿಳಿಯಲಿಲ್ಲ. ಕೆಲಸದಲ್ಲಿ ಕೊಳವೆ ಹಿಡಿದು ನಿಂತಾಗ, ಬಾಯಿ ತೆರೆದು ಮಲಗಿದ ಪ್ರತಿಯೊಬ್ಬನೂ ಇನ್ನೇನು ಅದೇ ಮಾತು ಎತ್ತುತ್ತಾನೆ ಎಂದು ಹೆದರುತ್ತಿದ್ದಳು. ಜೌಗಿನವರು ಫೋನಿನಲ್ಲಿ ಮಾಡಿಕೊಂಡಿದ್ದ ಗುಂಪಿನಲ್ಲಿ ಕಂಡಕ್ಟರ್ ದಿನಾ ಕಳಿಸುತ್ತಿದ್ದ ಹಳಸಲು ನಗೆಹನಿಗಳೂ ನಿಂತಿದ್ದವು. ತನ್ನನ್ನು ಬಿಟ್ಟು ಬೇರೆ ಗುಂಪು ಮಾಡಿಕೊಂಡಿದ್ದಾರೆ ಎಂದು ಖಚಿತವಾಯಿತು. ದುಡ್ಡನ್ನು ಲಕೋಟೆಯಲ್ಲಿ ಹಾಕಿ ದರ್ಜಿಯ ಬಾಗಿಲಿಗೆ ಒಯ್ದಳು. ಅವನ ಹೆಂಡತಿ ಲಕೋಟೆ ಮುಟ್ಟದೆ, "ಬಟ್ಟೆಯವರು ಬದಲಿ ಕೊಟ್ಟಿದಾರೆ. ಒದ್ದೆ ಆದದ್ದನ್ನ ಒಗೆದು ಒಳಅಸ್ತರಿಗೆ ಹಾಕ್ತಾರಂತೆ," ಎಂದು ಹೇಳಿ ಬಾಗಿಲು ಮುಚ್ಚಿಕೊಂಡಳು. ಯಂತ್ರದ ಸದ್ದು ಒಳಗೆ ಕೇಳಿಸುತ್ತಿತ್ತು. ಅವಳ ದನಿ ಕೇಳಿ ಅದು ನಿಂತಿತು, ಅವಳು ಮೆಟ್ಟಿಲು ಹತ್ತಿದ ಮೇಲೆ ಮತ್ತೆ ಶುರುವಾಯಿತು.

ಭಾನುವಾರ ಬೆಳಿಗ್ಗೆ ಅವಳು ಬಟ್ಟೆ ನೆನೆಹಾಕಿದಳು.

"ಏನದು?" ಎಂದಳು ಚಿಕ್ಕಮ್ಮ.

"ಒಗೀಬೇಕು."

"ಎಲ್ಲ ಒಗೆದ ಬಟ್ಟೇನೇ. ಏಳು, ಹೋಗು. ಏನ್ ಮಾಡ್ತಾರೆ, ಟೀ ಕೊಡಲ್ಲ ತಾನೆ? ಬಂದು ಇಲ್ಲಿ ಕುಡಿ. ನನಗೆ ವಾರಕ್ಕೊಂದು ಸಲ ಕೇಳೋಕೆ ಏನಾದ್ರೂ ಬೇಕು."

ಕೊಟ್ಟಿಗೆಯ ಹತ್ತಿರ ಅತ್ತಿಗೆ ಒಬ್ಬಳೇ ಕೈಗವಸು ಒಣಹಾಕುತ್ತಿದ್ದಳು. ಅವಳನ್ನು ನೋಡಿ ಪಕ್ಕದ ಕಲ್ಲಿನ ಮೇಲಿದ್ದ ಬುಟ್ಟಿ ಸರಿಸಿದಳು. ಕೂರು ಎಂದು ಅರ್ಥವೋ, ಬುಟ್ಟಿ ಸರಿಸಬೇಕಿತ್ತೋ ತಿಳಿಯದೆ ಅವಳು ನಿಂತೇ ಇದ್ದಳು.

"ಆ ಕಲ್ಲು ನೋಡಿದೀಯಾ, ನನ್ನ ಹೆಸರಿಂದು?" ಎಂದಳು ಅತ್ತಿಗೆ. "ಹೆಸರು ಯಾಕೆ ಬಂತು ಗೊತ್ತಾ?"

"ನೀವು ತುಂಬ ಕೆಲಸ ಮಾಡಿದ್ದಕ್ಕೆ."

ಅತ್ತಿಗೆ ಕೈಗವಸು ಕೆಳಗಿಟ್ಟಳು. ಅವಳಿಗೆ ನಗು ತಡೆಯಲು ಏನಾದರೂ ಹಿಡಿದುಕೊಳ್ಳಬೇಕಾಯಿತು. "ದಂಡೆ ಮೇಲಿಂದ ಅದನ್ನ ಉರುಳಿಸಿದ್ದು ನಾನು. ಕೆಳಗೆ ಮೇಷ್ಟ್ರು ಕೂತು ಜೊಂಡು ನೆಡ್ತಾ ಇದ್ರು. ಹೆಬ್ಬೆರಳು ಹೋಯ್ತು, ಇವತ್ತಿಗೂ ಆ ಕಾಲಿಗೆ ಚಪ್ಪಲಿ ಅಂದ್ರೆ ಆಗಲ್ಲ. ಆ ಹೆಸರಿಟ್ಟಿದ್ದು ಅವರೇ. ಕಂಡಕ್ಟರ್ ನೇರಕ್ಕೆ ದಾರ ಹಿಡಿಯೋದು ಬಿಟ್ಟು ಮಾತಾಡ್ತಾ ಸಣ್ಣ ಕಾಲುವೆ ಡೊಂಕಾಗಿ ತೋಡಿದ, ನೀರು ಬಂದು ನಾನು ಒಣಹಾಕಿದ್ದ ಗಿರಾಕಿ ಬಟ್ಟೆ ಎಲ್ಲ ಕೊಚ್ಚೆ ಆಯ್ತು. ಅದು ತಿರುವು. ಹೆಸರಿಟ್ಟಿದ್ದು ನಾನು. ಮೇಷ್ಟ್ರು ಬಯಲಲ್ಲಿ ನೆಡ್ಸಿದ ಸಸಿ ಒಂದೂ ಬದುಕಲಿಲ್ಲ, ನೀರು ನಿಲ್ಲೋ ಜಾಗ ಅಂತ ನೋಡ್ಲೇ ಇಲ್ಲ ಪುಣ್ಯಾತ್ಮರು. ಸಸಿ ಎಲ್ಲ ತಲೆ ಮೇಲೆ ಹೊತ್ತು ತಂದೋನು ದರ್ಜಿ. ಹೆಸರು ಅವನಿಟ್ಟ. ಯಾರಿಗೆ ಪೆಟ್ಟು ಬಿತ್ತೋ ಅವರದ್ದೇ ಹೆಸರಿಡೋ ಹಕ್ಕು. ಬೇರೆಯವರು ಇಡೋ ಹಾಗಿಲ್ಲ."

ಬುಟ್ಟಿ ಸರಿಸಿದ್ದ ಕಲ್ಲಿನ ಮೇಲೆ ಅವಳು ಕೂತಳು.

"ಇಡದಿದ್ರೆ?"

ಅತ್ತಿಗೆ ನಗು ನಿಲ್ಲಿಸಿದಳು. "ಒಬ್ಬ ಫೋಟೋ ತೆಗೆಯೋನು ಬರ್ತಿದ್ದ. ಒಳ್ಳೆಯವನೇ. ಒಂದು ಹಕ್ಕಿಗೂಡಿನ ವಿಷಯದಲ್ಲಿ ಏನೋ ಆಯ್ತು. ಮೇಷ್ಟ್ರು ಹೆಸರಿಡಲಿಲ್ಲ. ಕೋಪ ಅಂತಲ್ಲ, ಅವರಿಗೆ ಬಾಯಿ ಬರಲಿಲ್ಲ. ಕೆಲವು ವಾರ ಬಂದ. ನಾವು ಬರಬೇಡ ಅನ್ನಲಿಲ್ಲಪ್ಪ. ಆಮೇಲೆ ಅವನೇ..." ಕೈಗವಸು ಮತ್ತೆ ಎತ್ತಿಕೊಂಡಳು. "ದರ್ಜಿ ಇವತ್ತು ಬರ್ತಾನೋ ಇಲ್ವೋ."

ಬಂದ. ಮೇಷ್ಟ್ರೂ ಕಂಡಕ್ಟರೂ ಬಂದ ಮೇಲೆ, ಎಲ್ಲರಿಗಿಂತ ತಡವಾಗಿ, ಟೇಪು ಕೊರಳಲ್ಲಿ. ಎಲ್ಲರಿಗೂ ತಲೆ ಅಲ್ಲಾಡಿಸಿದ, ಆ ತಲೆ ಅವಳ ಕಡೆಗೂ ಬಂತೋ ಅವಳ ಹಿಂದಿದ್ದ ಗೋಡೆಯ ಕಡೆಗೋ ತಿಳಿಯಲಿಲ್ಲ. ನೇರವಾಗಿ ಕಟ್ಟೆಗೆ ಹೋದ. ಕುಕ್ಕರಗಾಲಿನಲ್ಲಿ ಕೂತು ಕಿಂಡಿಯ ಒಳಗೆ ಕೈ ಹಾಕಿ ಅಂಚು ಸವರಿದ. ಗುದ್ದಲಿಗೂ ಜಗ್ಗದೆ ಉಳಿದಿದ್ದ ಮಣ್ಣಿನ ಒಂದು ಪದರ ಇನ್ನೂ ಬದಿಯಲ್ಲಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ನೋಡಿದ. ಬರಲಿಲ್ಲ.

ಟೀ ಬಂತು. ಮೇಷ್ಟ್ರು ಕೆಲಸ ಹಂಚಿದರು. ಕಂಡಕ್ಟರ್ ಜೊಂಡಿಗೆ, ಅತ್ತಿಗೆ ಬಯಲಿಗೆ. ಅವಳ ಸರದಿ ಬಂದಾಗ ಮೇಷ್ಟ್ರು ಒಮ್ಮೆ ದರ್ಜಿಯ ಬೆನ್ನು ನೋಡಿ, "ಹೊಸಬ್ರು... ಹೊಸಬ್ರು ಸ್ವಲ್ಪ ಕೂತಿರಿ," ಎಂದರು. ಅವಳ ಕೈಯಲ್ಲಿ ತೊಳೆದ ಲೋಟ ಇತ್ತು. ಈ ಲೋಟ ಇಟ್ಟು, ಎದ್ದು, ಡಿಪೋದ ಗೋಡೆ ದಾಟಿಬಿಟ್ಟರೆ ಮುಗಿಯಿತು. ಚಿಕ್ಕಮ್ಮನಿಗೆ ಏನು ಹೇಳುವುದು ಎಂದು ಮಾತು ಜೋಡಿಸತೊಡಗಿದಳು.

ದರ್ಜಿ ಎದ್ದು ಬಂದ. ಬಗ್ಗಿ, ಅವಳ ಕೈಯಿಂದ ಲೋಟ ತೆಗೆದುಕೊಂಡು ಅರ್ಧ ಕುಡಿದ. ಮುಖ ಕಿವಿಚಿದ.

"ಸಕ್ಕರೆ ಇಲ್ಲ," ಎಂದು ಮೇಷ್ಟ್ರಿಗೆ ಹೇಳಿದ. ಆಮೇಲೆ, ಇಸ್ತ್ರಿ ಆಗಿದೆಯಾ ಎಂದು ಕೇಳುವ ಸಪ್ಪೆ ದನಿಯಲ್ಲಿ, "ಹಲ್ಲಕ್ಕನ ಕಿಂಡಿ ಹತ್ರ ಒಬ್ಬರು ಬೇಕು ಮೇಷ್ಟ್ರೇ. ಮಣ್ಣು ಇನ್ನೂ ಅಂಟ್ಕೊಂಡಿದೆ. ಬೇರೆ ಯಾರ ಕೈಲೂ ಆಗಲ್ಲ ಅದು."

ಹಲ್ಲಕ್ಕ ಯಾರು ಎಂದು ಅವಳು ಸುತ್ತ ನೋಡಿದಳು. ಕಂಡಕ್ಟರ್ ಜೊಂಡಿನ ನಡುವೆ ತಿರುಗಿ ನಿಂತಿದ್ದ, ಹೆಗಲು ಅಲ್ಲಾಡುತ್ತಿತ್ತು. ಅತ್ತಿಗೆ ಆಕಾಶ ನೋಡುತ್ತಿದ್ದಳು. ದರ್ಜಿ ಉಳಿದರ್ಧ ಟೀ ಅವಳ ಕೈಗೆ ವಾಪಸು ಕೊಟ್ಟು ಹೊರಟುಹೋದ.

ಅವಳು ಅದನ್ನು ಕುಡಿದಳು. ಎದ್ದು ಕಟ್ಟೆಯ ಕಡೆಗೆ ನಡೆದಳು. ಕಿಂಡಿಯಲ್ಲಿ ನೀರು ತೆಳ್ಳಗೆ ದಾಟುತ್ತಿತ್ತು. ಕೈ ಹಾಕಿದಳು. ತನ್ನದೇ ಹೆಬ್ಬೆರಳಿನ ಒತ್ತು ಮಣ್ಣಿನಲ್ಲಿ ಇನ್ನೂ ಮೂಡಿತ್ತು. ನದಿಯ ಆಚೆ ಮೋಡ ಕಟ್ಟುತ್ತಿತ್ತು. ಇವತ್ತೂ ಬರುತ್ತದೆ ಮಳೆ. ಇದು ಸಾಕಷ್ಟು ಅಗಲವಿದೆಯೇ? ಎಲೆ ಬಂದು ಸಿಕ್ಕಿಕೊಂಡರೆ? ಸಂಜೆ ಇನ್ನೊಮ್ಮೆ ಬಂದು ನೋಡಬೇಕು, ನಾಳೆ ಕೆಲಸಕ್ಕೆ ಹೋಗುವ ಮುಂಚೆ ಕೂಡ.

ಸೆರಗಿನ ಗಂಟು ಬಿಚ್ಚಿ, ಹಲ್ಲು ಕೆರೆಯುವ ಸಣ್ಣ ಕೊಕ್ಕೆ ತೆಗೆದಳು. ಯಾಕೆ ಇಟ್ಟುಕೊಂಡು ಬಂದಿದ್ದಳೋ ಅವಳಿಗೇ ತಿಳಿಯದು. ಮೊಣಕಾಲೂರಿ, ಕೆರೆಯತೊಡಗಿದಳು.